ಅಭಿಪ್ರಾಯ ಬೇಡ, ಸಹಿ ಸಾಕು

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆ ವಿಶೇಷ ಮಕ್ಕಳಿಗಾಗಿ ಸರಕಾರ ಯಾವ ಯೋಜನೆ ಹಾಕಿಕೊಂಡರೂ ಆ ಮಕ್ಕಳ ತಂದೆ-ತಾಯಿಯನ್ನು ಒಂದು ಮಾತೂ ಕೇಳುವುದಿಲ್ಲ ಎಂದು ಕೆಲವರು ಗೊಣಗುತ್ತಾರೆ. ಇದು ಅಪಪ್ರಚಾರ. ಕೇಳುತ್ತಾರೆ. ಆಧಾರ್ ಕೇಳುತ್ತಾರೆ, ರೇಷನ್ ಕಾರ್ಡ್ ಕೇಳುತ್ತಾರೆ, ಪಾಸ್‌ಬುಕ್ಕಿನ ಝೆರಾಕ್ಸ್ ಕೇಳುತ್ತಾರೆ, ಎರಡು ಫೋಟೊ ಕೇಳುತ್ತಾರೆ. "ಹುಟ್ಟಿದ ಕೂಡಲೇ ಅತ್ತಿತ್ತೇನವಾ?" ಎಂದು ಕೇಳುತ್ತಾರೆ. "ಸ್ವಾದರಮಾವನ್ನ ಮಾಡಿಕೊಂಡಿಯೇನು?" ಎಂದು ನಾಲ್ಕು ಮಂದಿ ಎದುರಿಗೆ ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೂ "ನಮ್ಮನ್ನ ಯಾರೂ ಕೇಳಲಿಲ್ರಿ" ಎನ್ನುವ ಅವ್ವಂದಿರ ಬಾಯಿಗೆ ಏನೆನ್ನಬೇಕು?

ಹಾಗೆ ನೋಡಿದರೆ ಈ ಭಾಗದಲ್ಲಿ ವಿಶೇಷ ಮಕ್ಕಳ ಸೇವೆ ಎಂಬುದೇನಾದರೂ ಇದ್ದರೆ ಅದನ್ನು ರೂಪಿಸಿದವರೂ ನಡೆಸುತ್ತಿರುವವರೂ ಅವ್ವಂದಿರೇ. ಹನ್ನೆರಡು ವರ್ಷದ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿನ ಮೆಟ್ಟಿಲು ಏರುವಾಗ ಆಕೆ ಸಾರಿಗೆ ಇಲಾಖೆ. ರಾತ್ರಿ ಎಳ್ಳೆಣ್ಣೆ ಹಚ್ಚಿ ಬಿಗಿದ ಕಾಲನ್ನು ಮೆಲ್ಲಗೆ ಚಾಚಿಸುವಾಗ ಆರೋಗ್ಯ ಇಲಾಖೆ. ಹುರಿದ ಶೇಂಗಾ ಮುಂದಿಟ್ಟುಕೊಂಡು "ಎರಡು ಕೊಡು, ಮೂರು ಕೊಡು" ಎಂದು ಎಣಿಸಲು ಕಲಿಸುವಾಗ ಶಿಕ್ಷಣ ಇಲಾಖೆ. ಜಾತಿ-ಆದಾಯದ ದಾಖಲೆಗೆ ನಾಡಕಚೇರಿಯ ಕಟ್ಟೆ ಮೇಲೆ ಕುಳಿತಾಗ ಕಂದಾಯ ಇಲಾಖೆ. ನೆರೆಮನೆಯಾಕೆ "ಏನ್ ಪಾಪಾ ಮಾಡಿದ್ಯೋ ಏನೋ" ಎಂದಾಗ ನಕ್ಕು ಸುಮ್ಮನಾಗುತ್ತಾಳಲ್ಲ, ಆಗ ಗೃಹ ಇಲಾಖೆಯ ಶಾಂತಿ ಪಾಲನೆಯೂ ಆಕೆಯದೇ. ಈ ಇಲಾಖೆಗೆ ವೇತನ ಆಯೋಗವಿಲ್ಲ, ವರ್ಗಾವಣೆ ಇಲ್ಲ, ಎರಡನೇ ಶನಿವಾರ ಇಲ್ಲ. ಆದ್ದರಿಂದಲೇ ಇದು ಇಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಕಾಣುತ್ತದೆ.

ಕಾನೂನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆಯ ಮಾತಿದೆ. ಆದರೆ ಆ ಕಲಮು ಶುರುವಾಗುವುದೇ ಸರಕಾರವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಇದನ್ನು ಮಾಡತಕ್ಕದ್ದು ಎಂಬ ಎಚ್ಚರಿಕೆಯಿಂದ. ಅವ್ವನ ಸಾಮರ್ಥ್ಯಕ್ಕೆ ಅಂಥ ಮಿತಿಯನ್ನು ಯಾವ ಕಲಮೂ ಹಾಕಿಲ್ಲ.

ಸಮಿತಿಯ ಕುರ್ಚಿಯ ವಿಷಯಕ್ಕೆ ಬನ್ನಿ. ಕರ್ನಾಟಕದ ಸರಕಾರಿ ಶಾಲೆಗಳಿಗೆ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇನ್ನೂ ಮುಂದೆ ಹೋಗಿ, ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಮಕ್ಕಳ ತಂದೆ-ತಾಯಿಗೆ ಅವರ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗಬೇಕು ಎಂದಿತು. 2012ರ ತಿದ್ದುಪಡಿ ಆ ಅವಕಾಶವಂಚಿತರ ಪಟ್ಟಿಗೆ ಅಂಗವೈಕಲ್ಯವಿರುವ ಮಗುವನ್ನೂ ಸೇರಿಸಿತು. ಅಂದರೆ ಶಾಲೆಯಲ್ಲಿ ಇಂಥ ಮಕ್ಕಳಿದ್ದರೆ ಅವರ ಅವ್ವನೋ ಅಪ್ಪನೋ ಆ ಸಮಿತಿಯಲ್ಲಿ ಕೂರುವುದು ಯಾರ ಕೃಪೆಯೂ ಅಲ್ಲ, ಪಾರ್ಲಿಮೆಂಟು ಪಾಸು ಮಾಡಿದ ಮಾತು. ಈ ಸಂಗತಿ ಈ ಭಾಗದ ಎಷ್ಟು ಅವ್ವಂದಿರ ಕಿವಿಗೆ ಬಿದ್ದಿದೆ ಎಂದು ತಿಳಿಯಬೇಕೆಂದರೆ ಯಾವುದಾದರೂ ಶಾಲೆಯ ಗೇಟಿನ ಹತ್ತಿರ ಮಧ್ಯಾಹ್ನ ನಿಂತು ಕೇಳಿ ನೋಡಿ. ಮಗಳನ್ನು ಸಂಡಾಸಕ್ಕೆ ಕರೆದೊಯ್ಯಲು ಬಿಸಿಯೂಟದ ಹೊತ್ತಿಗೆ ಹೊಲದಿಂದ ಓಡಿಬರುವ ಒಬ್ಬಾಕೆಯಾದರೂ ಸಿಗುತ್ತಾಳೆ. ಸಮಿತಿಯ ಯಾವ ಸದಸ್ಯನ ಹಾಜರಿಯೂ ಆಕೆಯ ಹಾಜರಿಗೆ ಸಮ ಬರಲಾರದು.

ಅಪರೂಪಕ್ಕೆ ಒಂದು ಊರಲ್ಲಿ ಇಂಥ ಅವ್ವ ಸದಸ್ಯೆಯಾದಳು ಎಂದೇ ಇಟ್ಟುಕೊಳ್ಳಿ. ಊರ ಹೆಸರು ಬೇಡ. ಓದುವವರಿಗೆಲ್ಲ ಇದು ತಮ್ಮೂರೇ ಅನ್ನಿಸಿದರೆ ನಾನು ಹೊಣೆಗಾರನಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಕಬ್ಬು ಕಡಿಯುವವರಿಗೆ, ದ್ರಾಕ್ಷಿ ತೋಟದಲ್ಲಿ ಚಾಟಣಿಗೆ ಹೋಗುವವರಿಗೆ, ನಿಪ್ಪಾಣಿ ಕಡೆ ಬೀಡಿ ಕಟ್ಟುವವರಿಗೆ ಹನ್ನೊಂದು ಗಂಟೆಯಷ್ಟು ಅನುಕೂಲದ ಹೊತ್ತು ಬೇರೊಂದಿಲ್ಲ ಎಂದು ಕಚೇರಿಗಳು ಬಹಳ ಹಿಂದೆಯೇ ತೀರ್ಮಾನಿಸಿವೆ. ಆಕೆ ಆ ದಿನದ ಪಗಾರ ಬಿಟ್ಟು ಬಂದಿದ್ದಾಳೆ. ಕಾಂಪೌಂಡ್ ಗೋಡೆಯ ವಿಷಯ ಮುಗಿಯಿತು, ಆಗಸ್ಟ್ 15ರ ಚಾಕಲೇಟಿನ ವಿಷಯ ಮುಗಿಯಿತು. ಆಕೆ ಎದ್ದಳು.

"ಸರ್, ಸಂಡಾಸದ ಬಾಗಲಾ ಸಣ್ಣದೈತ್ರಿ. ನಮ್ಮ ಹುಡಿಗಿ ಗಾಲಿ ಕುರ್ಚಿ ಒಳಗ ಹೋಗೂದಿಲ್ರಿ. ಒಂದ್ ಗೇಣು ಅಗಲಾ ಮಾಡಿದ್ರ..."

"ಅಕ್ಕಾರ, ಅದು ನಮ್ಮ ಲೆವಲ್‌ದಲ್ಲ. ಮ್ಯಾಲಿಂದ ಬರಬೇಕು."

"ಮ್ಯಾಲ ಅಂದ್ರ ಎಲ್ಲಿಗಿ ಹೋಗಬೇಕ್ರಿ?"

"ಮ್ಯಾಲ ಅಂದ್ರ ಮ್ಯಾಲರಿ."

ಚಹಾ ಬಂತು, ಚೂಡಾ ಬಂತು, ಠರಾವು ಪುಸ್ತಕವೂ ಬಂತು. ಅದರಲ್ಲಿ ಬರೆದದ್ದು: "ಸದಸ್ಯರು ಸಲಹೆ-ಸೂಚನೆಗಳನ್ನು ನೀಡಿದರು. ವಂದನಾರ್ಪಣೆಯೊಂದಿಗೆ ಸಭೆಯನ್ನು ಮುಕ್ತಾಯಗೊಳಿಸಲಾಯಿತು." ಕೆಳಗೆ ಆಕೆಯ ಸಹಿ. ಇನ್ನು ಮುಂದೆ ಯಾರಾದರೂ ಪರಿಶೀಲನೆಗೆ ಬಂದರೆ ವಿಶೇಷ ಮಗುವಿನ ಪಾಲಕರ ಸಹಭಾಗಿತ್ವಕ್ಕೆ ಲಿಖಿತ ಸಾಕ್ಷಿ ಸಿದ್ಧ. ಬಾಗಿಲಿನ ಅಗಲ ಎಷ್ಟಿತ್ತೋ ಅಷ್ಟೇ.

ಆಕೆಯ ಬಾಯಿ ಒಂದೇ ಒಂದು ಸಲ ಮೊದಲೇ ತೆರೆಸಿದ್ದರೆ ಎಷ್ಟು ಸಿಮೆಂಟು ಉಳಿಯುತ್ತಿತ್ತು ಎಂಬುದಕ್ಕೆ ನಮ್ಮ ಶಾಲೆಗಳ ರ‍್ಯಾಂಪುಗಳೇ ಸಾಕ್ಷಿ. ಗಾಲಿ ಕುರ್ಚಿಯ ಇಳಿಜಾರಿಗೆ ದೇಶಾದ್ಯಂತ ಒಪ್ಪಿಕೊಂಡ ಅಳತೆ ಒಂದಕ್ಕೆ ಹನ್ನೆರಡು. ಕಟ್ಟೆ 2 ಅಡಿ ಎತ್ತರವಿದ್ದರೆ ಇಳಿಜಾರು 24 ಅಡಿ ಉದ್ದ ಬೇಕು. ನಮ್ಮಲ್ಲಿ ಎರಡಡಿ ಕಟ್ಟೆಗೆ ಆರಡಿಯಲ್ಲಿ ಕೈ ತೊಳೆದುಕೊಂಡು, ಪಕ್ಕಕ್ಕೊಂದು ಕಬ್ಬಿಣದ ಪೈಪು ನಿಲ್ಲಿಸಿ, ನೀಲಿ ಬಣ್ಣದಲ್ಲಿ ಗಾಲಿ ಕುರ್ಚಿಯ ಚಿತ್ರ ಬರೆದರೆ ಬಿಲ್ಲು ಪಾಸು. ಅದರ ಮೇಲೆ ಗಾಲಿ ಕುರ್ಚಿ ತಳ್ಳಬೇಕೆಂದರೆ ಕುಸ್ತಿ ಮಾಡಿದ ತೋಳು ಬೇಕು. ಇಳಿಸಬೇಕೆಂದರೆ ಮನೆದೇವರ ಮೇಲೆ ಭಾರ ಹಾಕಬೇಕು. ಹಾಗೆಂದು ಅದು ವ್ಯರ್ಥವಾಗಿದೆ ಎಂದು ಹೇಳಿದರೆ ತಪ್ಪಾದೀತು. ಮಾಸ್ತರರ ಮೋಟಾರ್ ಸೈಕಲ್ ಅದರ ಮೇಲೆ ಸಲೀಸಾಗಿ ಏರಿ, ಬಿಸಿಲು-ಮಳೆಗೆ ವರಾಂಡದಲ್ಲಿ ಸುಖವಾಗಿ ನಿಲ್ಲುತ್ತದೆ. ಬಿಸಿಯೂಟದ ಅಕ್ಕಿ ಚೀಲವನ್ನು ಎಳೆದು ಒಯ್ಯಲೂ ಒಳ್ಳೆಯ ಅನುಕೂಲ. ಮಳೆಗಾಲದಲ್ಲಿ ಹುಡುಗರು ಅದನ್ನು ಜಾರುಬಂಡಿ ಮಾಡಿಕೊಳ್ಳುತ್ತಾರೆ. ಇಷ್ಟೆಲ್ಲ ಉಪಯೋಗವಿರುವ ವಸ್ತು ಒಬ್ಬಳು ಹುಡುಗಿಗೆ ಮಾತ್ರ ಉಪಯೋಗ ಬೀಳಲಿಲ್ಲ ಎಂದು ದೂರುವುದು ಸಣ್ಣತನ.

ದಿನಾ ಗಾಲಿ ಕುರ್ಚಿ ತಳ್ಳುವವಳಿಗೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೆ ಸಿಮೆಂಟು ಹಾಕುವ ಮೊದಲು ಕರೆದು ನಿಲ್ಲಿಸಿದ್ದರೆ "ಇನ್ನೂ ದೂರದಿಂದ ಎತ್ರಿ" ಎಂದಿರುತ್ತಿದ್ದಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಹೇಳಿಕೊಡುವುದನ್ನು ಆಕೆಯ ಬೆನ್ನು ಕಲಿತಿದೆ.

ಇನ್ನು ತಪಾಸಣಾ ಶಿಬಿರ. ಇದು ವಿಶೇಷ ಮಕ್ಕಳ ಜಾತ್ರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಇರುವ ವ್ಯವಸ್ಥೆ ಇದಕ್ಕಿರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಅಲ್ಲಿ ನೆರಳಿಗೆ ಗಿಡವಾದರೂ ಇರುತ್ತದೆ. ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಚೀರುವ ಆಟಿಸಂ ಮಗುವನ್ನು ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿ, "ಮಾನ್ಯರು ಇದೀಗ ವೇದಿಕೆಗೆ ಆಗಮಿಸುತ್ತಿದ್ದಾರೆ" ಎಂದು ಹತ್ತು ಸಲ ಕೂಗುತ್ತಾರೆ. ಮಗು ಚೀರಿದರೆ "ಸ್ವಲ್ಪ ಸುಮ್ನ ಮಾಡ್ಸವಾ" ಎನ್ನುತ್ತಾರೆ. ಮಾನ್ಯರನ್ನು ಸುಮ್ಮನೆ ಮಾಡಿಸುವ ವ್ಯವಸ್ಥೆ ಯಾವ ಶಿಬಿರದಲ್ಲೂ ಇಲ್ಲ.

ಶಿಬಿರದಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಕ್ಯಾಲಿಪರ್‌ಗೆ ಕಾಲಿನ ಅಳತೆ, ಗಾಲಿ ಕುರ್ಚಿಗೆ ಸೊಂಟದ ಅಳತೆ. ಅಳತೆಯ ಶಿಬಿರ ಬೇರೆ, ವಿತರಣೆಯ ಶಿಬಿರ ಬೇರೆ. ಎರಡರ ನಡುವೆ ಟೆಂಡರು, ಮಂಜೂರಿ, ಸಾಗಣೆ ಮತ್ತು ಅತಿಥಿಗಳ ದಿನಾಂಕ ಇರುತ್ತವೆ. ಈ ಅವಧಿಯಲ್ಲಿ ಮಗು ಬೆಳೆಯಬಾರದು ಎಂಬ ಷರತ್ತನ್ನು ಅರ್ಜಿ ನಮೂನೆಯಲ್ಲಿ ಮುದ್ರಿಸಿದ್ದರೆ ಗೊಂದಲ ಇರುತ್ತಿರಲಿಲ್ಲ. ಮಕ್ಕಳು ನಿಯಮ ಓದದೆ ಬೆಳೆದುಬಿಡುತ್ತಾರೆ. ಹಾರ, ಶಾಲು, ಫೋಟೊ ಎಲ್ಲ ಆದ ಮೇಲೆ ಮನೆಗೆ ಬಂದು ಹಾಕಿ ನೋಡಿದರೆ ಪಟ್ಟಿ ಎರಡು ಬೆರಳು ಗಿಡ್ಡ. ಅವ್ವ ಅದನ್ನು ಚೀಲದಲ್ಲಿ ಹಾಕಿಕೊಂಡು ಚಪ್ಪಲಿ ಹೊಲಿಯುವವರ ಹತ್ತಿರ ಹೋಗುತ್ತಾಳೆ. ಅಥಣಿ, ನಿಪ್ಪಾಣಿಗಳ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆಯಷ್ಟೆ, ಅದೇ ಕೈ ಚರ್ಮದ ತುಂಡು ಜೋಡಿಸಿ, ತೂತು ಹೊಡೆದು, ಬಕಲ್ ಸರಿಸಿ, "ನೋಡವಾ, ಈಗ ಒತ್ತತೈತೇನು?" ಎಂದು ಮಗುವನ್ನೇ ಕೇಳುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಫಲಾನುಭವಿಯ ಅಭಿಪ್ರಾಯ ಕೇಳಿದ್ದು ಈ ಒಂದೇ ಹಂತದಲ್ಲಿ.

ಅಂಗವೈಕಲ್ಯದ ಗುರುತಿನ ಕಾರ್ಡಿನ ಕಥೆ ಬೇರೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಇಪ್ಪತ್ತೊಂದನ್ನು ಗುರುತಿಸಬಲ್ಲ ಡಾಕ್ಟರುಗಳು ತಾಲ್ಲೂಕಿಗೆ ಬರುವುದನ್ನು ಮಾತ್ರ ಯಾವ ಕಾಯ್ದೆಯೂ ಏರಿಸಲಿಲ್ಲ. 2024ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿತು. ಪ್ರಮಾಣಪತ್ರ ಒಂದು ತಿಂಗಳಲ್ಲಿ ಕೊಡಬೇಕು ಎಂದಿದ್ದುದು ಮೂರು ತಿಂಗಳಾಯಿತು. ಅದಕ್ಕೆ ಬದಲಾಗಿ ಕಾರ್ಡಿಗೆ ಬಣ್ಣ ಬಂತು: ಶೇ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ಕಾಯುವ ಹೊತ್ತು ಮೂರು ಪಟ್ಟು, ಬಣ್ಣವೂ ಮೂರು. ಹೊಂದಾಣಿಕೆ ಅಂದರೆ ಇದು. ಬಣ್ಣ ಬೇಕು ಎಂದು ಯಾವ ಅವ್ವ ಅರ್ಜಿ ಕೊಟ್ಟಿದ್ದಳೋ ತಿಳಿಯದು. ಅವರು ಕೇಳುವುದು ಸಾಮಾನ್ಯವಾಗಿ ಇಷ್ಟೇ: ಡಾಕ್ಟರು ಬರುವ ದಿನ ಮೊದಲೇ ಹೇಳಿ, ಹೇಳಿದ ದಿನ ಬರಲಿ.

ಯಾಕೆಂದರೆ ಬರದಿದ್ದರೆ ಮುಂದಿನ ದಾರಿ ಬೆಳಗಾವಿ. ಕಾಗವಾಡದಿಂದ ನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಶಕ್ತಿ ಯೋಜನೆಯ ದಯೆಯಿಂದ ಅವ್ವನ ಟಿಕೆಟ್ ಖರ್ಚು ತಪ್ಪಿದೆ. ದಿನದ ಪಗಾರವೂ ತಪ್ಪುತ್ತದೆ. ಇಲ್ಲಿ ಒಂದು ಸೊಗಸಾದ ಆಡಳಿತ ವಿನ್ಯಾಸವಿದೆ, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಚಿಕ್ಕೋಡಿಯನ್ನು ಜಿಲ್ಲೆ ಎಂದು ಘೋಷಿಸಿ, ಗದ್ದಲವಾದ ಮೇಲೆ ಹಿಂತೆಗೆದುಕೊಂಡಿತು. ಆದರೆ ಶಿಕ್ಷಣ ಇಲಾಖೆಗೆ ಮಾತ್ರ ಚಿಕ್ಕೋಡಿ ಬೇರೆಯೇ ಶೈಕ್ಷಣಿಕ ಜಿಲ್ಲೆ. ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿ ಬೆಳಗಾವಿಯಲ್ಲಿ. ಹೀಗಾಗಿ ಕಾಗವಾಡದ ಒಂದು ವಿಶೇಷ ಮಗು ಅಕ್ಷರ ಕಲಿಯುವಾಗ ಚಿಕ್ಕೋಡಿ ಜಿಲ್ಲೆಯದು, ಕುಂಟುವಾಗ ಬೆಳಗಾವಿ ಜಿಲ್ಲೆಯದು. ಕುಂಟುತ್ತ ಅಕ್ಷರ ಕಲಿಯುವ ಹೊತ್ತಿನಲ್ಲಿ ಯಾರದು ಎಂಬುದಕ್ಕೆ ಎರಡೂ ಕಡೆ ಕಡತ ಇದ್ದೀತು. ಎರಡೂ ಕಡತ ಒಂದೆಡೆ ಕೂಡುವುದು ಅವ್ವನ ಕೈಚೀಲದಲ್ಲಿ ಮಾತ್ರ.

ಕಾಗವಾಡಕ್ಕೆ ಬೆಳಗಾವಿಗಿಂತ ಮಿರಜ ಹತ್ತಿರ. ಅರ್ಧ ತಾಸಿನ ದಾರಿ. 1894ರಿಂದ ಮಿಶನ್ ಆಸ್ಪತ್ರೆ ಇರುವ, ಆಸ್ಪತ್ರೆಗಳಿಂದಲೇ ಹೆಸರಾದ ಊರು. ಆದ್ದರಿಂದ ಮಗುವನ್ನು ತೋರಿಸುವುದು ಮಹಾರಾಷ್ಟ್ರದಲ್ಲಿ, ತೋರಿಸಿದ್ದಕ್ಕೆ ಕಾಗದ ಮಾಡಿಸುವುದು ಕರ್ನಾಟಕದಲ್ಲಿ. ಅಲ್ಲಿ ಮಾತು ಕಲಿಸುವವರು ಮರಾಠಿಯಲ್ಲಿ "ಪಾಣೀ" ಎನ್ನುತ್ತಾರೆ, ಮನೆಯಲ್ಲಿ ಅಜ್ಜಿ "ನೀರು" ಎನ್ನುತ್ತಾಳೆ, ಶಾಲೆಯ ಕಿಟ್ಟಿನಲ್ಲಿ ಬಂದ ಚಿತ್ರದ ಕಾರ್ಡು "ವಾಟರ್" ಎನ್ನುತ್ತದೆ. ಒಂದೇ ಮಾತಿಗೆ ನಾಲಿಗೆ ಹೊರಳದ ಕೂಸು ಮೂರರ ನಡುವೆ ಕೂತು ಲೋಟದ ಕಡೆ ಕೈ ತೋರಿಸುತ್ತದೆ. ಅವ್ವನಿಗೆ ತಿಳಿಯುತ್ತದೆ. ಈ ಎರಡು ರಾಜ್ಯಗಳ ಗಡಿ ತಂಟೆಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ಈ ನೆಲ ನಮ್ಮದು ಎಂದು ಎರಡೂ ರಾಜ್ಯಗಳು ವಕೀಲರನ್ನು ಇಟ್ಟಿವೆ. ಈ ಮಗು ನಮ್ಮದು ಎಂದು ಇಲ್ಲಿಯವರೆಗೆ ಒಂದು ಕಡೆಯಿಂದಲೂ ದಾವೆ ಬಿದ್ದಿಲ್ಲ.

ಶಾಲೆಗೆ ಬರಲಾಗದ ತೀವ್ರ ತೊಂದರೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಂಬುದಿದೆ, ಇದೂ 2012ರ ತಿದ್ದುಪಡಿಯಲ್ಲಿ ಬಂದ ಹಕ್ಕು. ಮನೆಗೆ ಬಂದು ಕಲಿಸುವವರು ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರು. ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ. ಅವರ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ, ಅವರ ಬೈಕಿನ ಟೈರು ನೋಡಿದರೆ ಸಾಕು ಕರುಳು ಚುರ್ ಅನ್ನುತ್ತದೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಎಷ್ಟು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬುದನ್ನು ಗೊತ್ತು ಮಾಡಿ ಎಂದು ಕೇಂದ್ರಕ್ಕೆ ಹೇಳಿತು. 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬ ಎಂದು ಗೊತ್ತು ಮಾಡಿತು. ನಮ್ಮ ಕಡೆ ಒಬ್ಬ ಶಿಕ್ಷಕ ಜುಗೂಳಕ್ಕೆ ಹೋದ ದಿನ ಮದಭಾವಿಯ ಮಗು ಅವ್ವನ ಪಾಲು, ಮದಭಾವಿಗೆ ಹೋದ ದಿನ ಜುಗೂಳದ್ದು. ಕೃಷ್ಣೆಗೆ ಮಹಾಪೂರ ಬಂದರೆ ಎರಡೂ.

ದುಡ್ಡಿನ ವಿಷಯ ಹೇಳದಿದ್ದರೆ ಈ ಭಾಗದವನೆಂದು ಯಾರೂ ನನ್ನನ್ನು ನಂಬುವುದಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಕುಳಿತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂದರು. ಅಥಣಿ ಕಡೆಯೂ ಬಿಸಿ ಏರಿತು. ಮುಖ್ಯಮಂತ್ರಿಯೇ ಕಾರ್ಖಾನೆ ಮಾಲೀಕರನ್ನೂ ರೈತ ಮುಖಂಡರನ್ನೂ ಕರೆದು ಕೂಡಿಸಿ 3,300ಕ್ಕೆ ಒಪ್ಪಿಸಿದರು. ರೈತರು ಕೇಳಿದ್ದು ನ್ಯಾಯ, ಅದರಲ್ಲಿ ನನ್ನ ತಕರಾರಿಲ್ಲ. ಮೈಮುರಿದು ಬೆಳೆದವರು ಬೆಲೆ ಕೇಳಲೇಬೇಕು. ನನಗೆ ನಗು ಬಂದದ್ದು ಅಂಕಿ ನೋಡಿ. ಸಮಗ್ರ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ ಒಂದು ವಿಶೇಷ ಅಗತ್ಯದ ಮಗುವಿಗೆ ಒಂದು ವರ್ಷಕ್ಕೆ ಗೊತ್ತು ಮಾಡಿರುವ ಮೊತ್ತ ಎಷ್ಟು ಬಲ್ಲಿರಾ? 3,500 ರೂಪಾಯಿ. ಸಾರಿಗೆ ಭತ್ಯೆ, ಬೆಂಗಾವಲಿನ ಭತ್ಯೆ, ಸಾಧನ, ತಪಾಸಣೆ ಎಲ್ಲ ಅದರಲ್ಲೇ. ದಿನಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಒಂದು ಟನ್ ಕಬ್ಬಿಗೆ ಕೇಳಿದ ಬೆಲೆಯೂ ಒಂದು ಮಗುವಿನ ವರ್ಷದ ಬೆಲೆಯೂ ಸರಿಸಮ. ವ್ಯತ್ಯಾಸವಿಷ್ಟೇ: ಕಬ್ಬಿನ ಬೆಲೆ ನಿಗದಿಯಾಗುವಾಗ ಬೆಳೆದವರು ಕೋಣೆಯೊಳಗೆ ಇದ್ದರು.

ಇದು ಸಹಕಾರದ ಸೀಮೆ. ಪತ್ತಿನ ಸಂಘವಿರಲಿ, ಡೇರಿಯಿರಲಿ, ಸಕ್ಕರೆ ಕಾರ್ಖಾನೆಯಿರಲಿ, ಒಂದು ಶೇರು ಇದ್ದವನೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು "ಅಧ್ಯಕ್ಷರ, ಪಾನು ಹದಿನಾಲ್ಕು ತಗೀರಿ, ಈ ಖರ್ಚು ಏನದು ಹೇಳ್ರಿ" ಎಂದು ಗದರಿಸುತ್ತಾನೆ. ಆತನನ್ನು ಯಾರೂ "ಭಾವುಕರಾಗಬೇಡಿ" ಎನ್ನುವುದಿಲ್ಲ. ಕಬ್ಬಿನ ತೂಕದಲ್ಲಿ ಹತ್ತು ಕಿಲೋ ಹೆಚ್ಚು-ಕಡಿಮೆ ಆದರೆ ಹಿಡಿಯಬಲ್ಲ ಊರು ನಮ್ಮದು. ಅದೇ ಊರಲ್ಲಿ ಮಗಳ ಗಾಲಿ ಕುರ್ಚಿಯ ಬಾಗಿಲಿನ ಬಗ್ಗೆ ಕೇಳಿದ ಹೆಂಗಸು ಕಿರಿಕಿರಿ ಮಾಡುವವಳು.

ಮಗುವಿಗೆ ಹದಿನೆಂಟು ತುಂಬಿತು ಅನ್ನಿ, ಅಲ್ಲಿಗೆ ಅವ್ವನಿಗೆ ಬಡ್ತಿ ಸಿಗುತ್ತದೆ: ಅರ್ಜಿದಾರಳಾಗಿ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಅದರ ಪ್ರಕಾರ ಮಗ ಪ್ರಾಪ್ತ ವಯಸ್ಕನಾದ ಮೇಲೆ ಹೆತ್ತವಳೂ ಕಾನೂನುಬದ್ಧ ಪಾಲಕಿ ಆಗಬೇಕಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಮಕ್ಕಳ ಆಸ್ತಿ ಲಪಟಾಯಿಸುವ ಬಂಧುಗಳಿರುವ ದೇಶದಲ್ಲಿ ಇದು ಬೇಕು, ಒಪ್ಪಿದೆ. ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು. ಮೂರೇ ಕುರ್ಚಿ. ಹದಿನೆಂಟು ವರ್ಷ ತಿನ್ನಿಸಿ, ತೊಳೆದು, ಹೊತ್ತು ತಿರುಗಿದವರ ಜಾತಿಗೆ ಅಲ್ಲಿ ಕಾಯಂ ಕುರ್ಚಿ ಇಲ್ಲ. ಎದುರಿಗೆ ಕೈ ಕಟ್ಟಿ ನಿಲ್ಲಲು ಜಾಗವಿದೆ.

ಇದರಲ್ಲಿ ತಮಾಷೆ ಏನೆಂದರೆ ಆ ಕಾಯ್ದೆಗಾಗಿ ಬೆನ್ನು ಹತ್ತಿದವರಲ್ಲಿ ಹೆತ್ತವರೇ ಮುಂದಿದ್ದರು. 1995ರಲ್ಲಿ ಬೆಂಗಳೂರಿನಲ್ಲಿ ದೇಶದ ಪಾಲಕರ ಸಂಘಗಳು ಕೂಡಿ 'ಪರಿವಾರ್' ಎಂಬ ಒಕ್ಕೂಟ ಮಾಡಿಕೊಂಡವು. ಕಾಯ್ದೆ ಬಂದಾಗ ದಿಲ್ಲಿಯ ಟ್ರಸ್ಟಿನ ಮಂಡಳಿಯಲ್ಲಿ ಪಾಲಕರ ಸಂಘಗಳಿಗೆಂದೇ ಮೂರು ಸ್ಥಾನ ಬರೆಸಿಕೊಂಡರು. ದಿಲ್ಲಿಯಲ್ಲಿ ಸಿಕ್ಕ ಕುರ್ಚಿ ಬೆಳಗಾವಿಗೆ ಬರುವಷ್ಟರಲ್ಲಿ ಎಲ್ಲೋ ಇಳಿದುಹೋಯಿತು. ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚಿಗೆ ಅವಕಾಶವಿದೆ, ಮನೆಯ ಹತ್ತಿರದ ಥೆರಪಿಗೂ ಸೇರಿ. ಈ ಸುದ್ದಿಯೂ ಹಾಗೆಯೇ ಎಲ್ಲೋ ಇಳಿದುಹೋಗಿದೆ. ಇಂಗ್ಲೆಂಡಿನಲ್ಲಿ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ, ಇಂಥ ಮಕ್ಕಳ ಸ್ಥಳೀಯ ಸೇವೆಗಳನ್ನು ಹೆತ್ತವರ ಜೊತೆ ಸಮಾಲೋಚಿಸಿಯೇ ಪರಿಶೀಲಿಸಬೇಕೆಂದು ಸ್ಥಳೀಯ ಆಡಳಿತವನ್ನು ಕಟ್ಟಿಹಾಕಿದೆ. ಅಲ್ಲಿನ ಹೆತ್ತವರೂ ಜಗಳವಾಡುತ್ತಲೇ ಇದ್ದಾರೆ ಎನ್ನಿ. ಆದರೆ ಕೋಣೆಯೊಳಗೆ ಕುಳಿತು ಜಗಳವಾಡುತ್ತಾರೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸುವುದುಂಟು, ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಯಂದು. ಅಂದು ಕಾಲಿಲ್ಲದವರಿಗೆ ಓಟದ ಸ್ಪರ್ಧೆ ಇಡುವುದಿಲ್ಲ ಎಂಬಷ್ಟು ವಿವೇಕ ಇನ್ನೂ ಉಳಿದಿದೆ. ಬಾಳೆಹಣ್ಣು, ಬಿಸ್ಕೀಟು, ಭಾಷಣ. "ಇವರು ದೇವರ ಮಕ್ಕಳು" ಎಂದು ಅತಿಥಿಗಳು ಹೇಳುತ್ತಾರೆ; ದೇವರ ಮಕ್ಕಳಾದ್ದರಿಂದ ದೇವರೇ ನೋಡಿಕೊಳ್ಳಲಿ ಎಂಬುದು ಹೇಳದೆ ಉಳಿಯುವ ಭಾಗ. ಅವ್ವನಿಗೆ ಒಂದು ಶಾಲು ಹೊದೆಸಿ "ತ್ಯಾಗಮಯಿ" ಎನ್ನುತ್ತಾರೆ. ಅದರ ಬದಲು ಒಂದು ಮೈಕು ಕೊಟ್ಟರೆ ಹೇಗೆ ಎಂದು ಯೋಚಿಸಿದವರಿಲ್ಲ, ಯಾಕೆಂದರೆ ಮೈಕು ಕೈಗೆ ಸಿಕ್ಕ ಅವ್ವ ತ್ಯಾಗದ ಬಗ್ಗೆ ಮಾತಾಡುವುದಿಲ್ಲ. ಬಸ್ ಸ್ಟ್ಯಾಂಡಿನ ಸಂಡಾಸ, ಡಾಕ್ಟರ ದಿನಾಂಕ, ಮುಟ್ಟು ಶುರುವಾದ ಮೇಲೆ ಶಾಲೆ ಬಿಡಿಸಿದ ಮಗಳು, ಇವುಗಳ ಬಗ್ಗೆ ಮಾತಾಡುತ್ತಾಳೆ. ಕಾರ್ಯಕ್ರಮದ ಶೋಭೆ ಕೆಡುತ್ತದೆ.

ಈಗ ಓದುಗರಿಗೆ ಎರಡು ಕೆಲಸ, ಎರಡಕ್ಕೂ ಮೇಲಿನಿಂದ ಏನೂ ಬರಬೇಕಾಗಿಲ್ಲ. ಮೊದಲನೆಯದು, ನಿಮ್ಮ ಊರ ಸರಕಾರಿ ಶಾಲೆಗೆ ಹೋಗಿ ಎಸ್‌ಡಿಎಂಸಿ ಸದಸ್ಯರ ಪಟ್ಟಿ ನೋಡಿ. ಶಾಲೆಯ ಹಾಜರಿಯಲ್ಲಿ ವಿಶೇಷ ಮಕ್ಕಳ ಹೆಸರಿದ್ದು, ಪಟ್ಟಿಯಲ್ಲಿ ಅವರ ಅವ್ವನದಾಗಲಿ ಅಪ್ಪನದಾಗಲಿ ಹೆಸರಿಲ್ಲದಿದ್ದರೆ 21ನೇ ಕಲಮು ಎಂದು ಒಂದೇ ಒಂದು ಮಾತು ಹೇಳಿ, ಮುಂದಿನ ಪುನರ್ರಚನೆಯ ತಾರೀಖು ಕೇಳಿಕೊಂಡು ಬನ್ನಿ. ಎರಡನೆಯದು, ಗ್ರಾಮ ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು, ಅವರಿಗೆಂದೇ ಸಮನ್ವಯ ಗ್ರಾಮಸಭೆಯನ್ನೂ ಕರೆಯಬೇಕು. ಆ ಸಭೆಗೆ ಹೋಗಿ. ಶೇರುದಾರನಾಗಿ ಕಾರ್ಖಾನೆಯಲ್ಲಿ ಹೇಗೆ ಪಾನು ತೆಗೆಸುತ್ತೀರೋ ಹಾಗೆಯೇ ಆ ಖರ್ಚಿನ ಪಾನು ತೆಗೆಸಿ, ಗಟ್ಟಿಯಾಗಿ ಓದಿಸಿ, ಮುಂದಿನ ವರ್ಷ ಯಾವುದಕ್ಕೆ ಖರ್ಚು ಎಂಬುದನ್ನು ಮಗುವನ್ನು ಎತ್ತಿಕೊಂಡು ನಿಂತವರ ಬಾಯಿಂದಲೇ ಠರಾವಿನಲ್ಲಿ ಬರೆಸಿ. ಅಲ್ಲಿ ಒಬ್ಬಾಕೆ ಎದ್ದು ನಿಂತಾಗ ಪಕ್ಕದಲ್ಲಿ ನೀವೂ ಎದ್ದು ನಿಲ್ಲಿ.